ಒಂಟಿ ನಟ್ಟಿನ ಚಕ್ರ: ಬಡಿಯುವ ಮುನ್ನ ಬಾಣ ನೋಡಿ

ಎಂಜಿಎ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಬಾನೆಟ್ ಎತ್ತಿದರೆ ಶಿವಮೊಗ್ಗದ ಹಳೆಯ ಮೆಕ್ಯಾನಿಕ್ ಯಾರೂ ಗಾಬರಿಯಾಗಬೇಕಿಲ್ಲ. 1955ರಲ್ಲಿ ಆ ಕಾರಿಗೆ ಕೂರಿಸಿದ 1489 ಸಿಸಿ ಎಂಜಿನ್ನೂ ನಮ್ಮ ಅಂಬಾಸಡರ್ ದಶಕಗಳ ಕಾಲ ಹೊತ್ತು ತಿರುಗಿದ ಎಂಜಿನ್ನೂ ಬಿ-ಸೀರೀಸ್ ಎಂಬ ಒಂದೇ ವಂಶದವು. ಕಾರ್ಬ್ಯುರೇಟರ್ ಒಂದರ ಬದಲು ಎರಡಿರುತ್ತದೆ, ಅಷ್ಟೇ. ಟ್ಯಾಪೆಟ್ ಸದ್ದು ಕೇಳಿಯೇ ಕಾಯಿಲೆ ಹೇಳುವವರು ಆಟೋ ಕಾಂಪ್ಲೆಕ್ಸಿನಲ್ಲಿ ಇನ್ನೂ ಸಿಗುತ್ತಾರೆ.

ಅದೇ ಮನುಷ್ಯ ಚಕ್ರದ ಮುಂದೆ ಕೂತಾಗ ಮಾತ್ರ ತುಸು ತಡೆಯುತ್ತಾನೆ. ಅಲ್ಲಿ ನಾಲ್ಕೈದು ನಟ್ಟುಗಳಿಲ್ಲ. ಸೈಕಲ್ಲಿನಂತೆ ಕಡ್ಡಿಗಳು, ನಡುವೆ ಎರಡು ಕಿವಿಗಳ ಒಂದೇ ಒಂದು ದೊಡ್ಡ ನಟ್ಟು. ಇದು ನಾಕ್-ಆಫ್ ಚಕ್ರ. ಸುತ್ತಿಗೆಯಿಂದ ಬಡಿದೇ ಬಿಚ್ಚಬೇಕು, ಬಡಿದೇ ಕೂರಿಸಬೇಕು. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಸೈಕಲ್ ಮಾಡುತ್ತಿದ್ದ ರಡ್ಜ್-ವಿಟ್‌ವರ್ತ್ ಕಂಪನಿ 1908ರ ಹೊತ್ತಿಗೆ ಇದರ ಪೇಟೆಂಟ್ ಪಡೆಯಿತು. ರೇಸಿನ ನಡುವೆ ಟೈರ್ ಒಡೆದರೆ ನಿಮಿಷದೊಳಗೆ ಚಕ್ರ ಬದಲಾಯಿಸುವ ಉಪಾಯ ಅದು. ಎಂಜಿ ಟಿಸಿಯ 19 ಇಂಚಿನ ತೆಳುವಾದ ಚಕ್ರ, ಎಂಜಿಎ ಮತ್ತು ಎಂಜಿಬಿಗಳ 48 ಅಥವಾ 60 ಕಡ್ಡಿಯ ಚಕ್ರ, ಜಾಗ್ವಾರ್ ಇ-ಟೈಪಿನ 72 ಕಡ್ಡಿಯ ಚಕ್ರ, ಎಲ್ಲವೂ ಆ ಉಪಾಯದ ಮಕ್ಕಳು. ಇಂಥ ಕಾರು ನಮ್ಮ ಜಿಲ್ಲೆಯ ರಸ್ತೆಯಲ್ಲಿ ದಿನಾ ಕಾಣುವಂಥದ್ದಲ್ಲ. ಇಂಥವನ್ನು ಹತ್ತಿರದಿಂದ ನೋಡಬೇಕೆನ್ನುವವರು ಘಟ್ಟ ಇಳಿದು ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹಕ್ಕೆ ಹೋಗಿಬರುವುದು ಒಳ್ಳೆಯದು. ಈ ಲೇಖನವಾದರೋ ಕಾರನ್ನು ನೋಡಿ ಬಂದವರಿಗಲ್ಲ; ಅಜ್ಜನ ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ನಿಂತದ್ದನ್ನು ಹೊರಗೆಳೆಯಲು ಹೊರಟವರಿಗೆ, ಇಲ್ಲವೇ ಬೆಂಗಳೂರಿನಿಂದ ಒಂದನ್ನು ಕೊಂಡು ತಂದು ಮೊದಲ ಪಂಕ್ಚರಿಗೆ ತಲೆ ಕೆಡಿಸಿಕೊಂಡವರಿಗೆ.

ಜೀಪಿನ ಲೆಕ್ಕ ಇಲ್ಲಿ ತಲೆಕೆಳಗು

ಮಲೆನಾಡಿನ ಗ್ಯಾರೇಜುಗಳಿಗೆ ಉಲ್ಟಾ ಥ್ರೆಡ್ ಹೊಸದಲ್ಲ. ಹಳೆಯ ವಿಲ್ಲೀಸ್ ಜೀಪಿನ ಎಡಗಡೆಯ ಚಕ್ರಗಳಿಗೆ, ಎಷ್ಟೋ ಹಳೆಯ ಲಾರಿಗಳ ಎಡಗಡೆಯ ಚಕ್ರಗಳಿಗೆ ಉಲ್ಟಾ ಥ್ರೆಡ್ಡಿನ ನಟ್ಟುಗಳೇ ಇರುತ್ತವೆ. ‘ಎಡಕ್ಕೆ ಉಲ್ಟಾ, ಬಲಕ್ಕೆ ಸೀದಾ’ ಎನ್ನುವುದು ಇಲ್ಲಿನ ಹುಡುಗರಿಗೆ ಪಾನ ಹಿಡಿಯಲು ಕಲಿತಾಗಿನಿಂದ ಕೈಗೆ ಹತ್ತಿದ ಪಾಠ. ಅಪಾಯ ಇರುವುದು ಅಲ್ಲೇ. ಬ್ರಿಟಿಷ್ ನಾಕ್-ಆಫ್ ಚಕ್ರದಲ್ಲಿ ಲೆಕ್ಕ ಸರಿಯಾಗಿ ತಿರುವುಮುರುವು: ಎಡಗಡೆಗೆ ಸೀದಾ ಥ್ರೆಡ್, ಬಲಗಡೆಗೆ ಉಲ್ಟಾ. (ಎಡ-ಬಲ ಎಂದರೆ ಡ್ರೈವರ್ ಸೀಟಿನಲ್ಲಿ ಕೂತವನ ಎಡ-ಬಲ.) ಜೀಪಿನ ಅಭ್ಯಾಸದಲ್ಲಿ ನಾಲ್ಕು ಕೆ.ಜಿ. ಸುತ್ತಿಗೆ ಎತ್ತಿ ಹೊಡೆದವನು ನಟ್ಟನ್ನು ಬಿಚ್ಚುತ್ತಿಲ್ಲ, ಇನ್ನಷ್ಟು ಬಿಗಿ ಮಾಡುತ್ತಿರುತ್ತಾನೆ. ‘ತುಕ್ಕು ಹಿಡಿದು ಜಾಮ್ ಆಗಿದೆ ಸಾರ್’ ಎಂಬ ಮಾತು ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ, ಯಾವ ಕಡೆಗೆ ಹೊಡೆದಿರಿ?

ಯಾಕೆ ಹೀಗೆ ಎಂದು ತಿಳಿದರೆ ಮರೆಯುವುದಿಲ್ಲ. ಜೀಪಿನಲ್ಲಿ ಚಿಕ್ಕ ನಟ್ಟಿನ ಮೊನೆ ಚಕ್ರದ ಗುಳಿಯೊಳಗೆ ಕೂರುತ್ತದೆ. ಒಳಗಿನದು ಚಿಕ್ಕದು, ಹೊರಗಿನದು ದೊಡ್ಡದು. ಬ್ರಿಟಿಷ್ ನಾಕ್-ಆಫ್‌ನಲ್ಲಿ ಚಕ್ರದ ನಡುಭಾಗದ ಇಳಿಜಾರು ಅಂಚನ್ನು ನಟ್ಟೇ ಹೊರಗಿನಿಂದ ಟೋಪಿಯ ಹಾಗೆ ಮುಚ್ಚಿ ಹಿಡಿಯುತ್ತದೆ. ಈಗ ದೊಡ್ಡದು ನಟ್ಟು, ಚಿಕ್ಕದು ಚಕ್ರ. ಕಾರಿನ ಭಾರದಿಂದ ಎರಡೂ ಒಂದು ಕಡೆ ಒತ್ತಿಕೊಂಡೇ ತಿರುಗುತ್ತವಾದ್ದರಿಂದ, ದೊಡ್ಡ ಸುತ್ತಳತೆಯ ನಟ್ಟು ಪ್ರತಿ ಸುತ್ತಿಗೂ ಕೂದಲೆಳೆಯಷ್ಟು ಹಿಂದೆ ಬೀಳಲು ನೋಡುತ್ತದೆ. ಹಾಗೆ ಹಿಂದೆ ಬೀಳುವುದು ಬಿಗಿಯಾಗುವ ದಿಕ್ಕಿಗೇ ಆಗಲಿ ಎಂದು ಥ್ರೆಡ್ ಕೊಟ್ಟಿದ್ದಾರೆ. ಜೀಪಿನ ನಟ್ಟು ಮುಂದೋಡುತ್ತದೆ, ಅದಕ್ಕೇ ಅಲ್ಲಿ ವ್ಯವಸ್ಥೆ ಬೇರೆ.

ಕೈಗೆ ಹತ್ತಬೇಕಾದ ಸೂತ್ರ ಇಷ್ಟು. ಎರಡೂ ಬದಿಯಲ್ಲಿ, ನಟ್ಟಿನ ಮೇಲ್ತುದಿ ಕಾರಿನ ಮುಂಭಾಗದತ್ತ ತಿರುಗಿದರೆ ಸಡಿಲ, ಹಿಂಭಾಗದತ್ತ ತಿರುಗಿದರೆ ಬಿಗಿ. ಕಿವಿಗಳು ಅಡ್ಡಕ್ಕೆ ನಿಂತಿದ್ದರೆ ಇನ್ನೂ ಸುಲಭ: ಬಿಚ್ಚಲು ಮುಂದಿನ ಕಿವಿಗೆ ಮೇಲಿನಿಂದ ಕೆಳಕ್ಕೆ ಏಟು, ಬಿಗಿ ಮಾಡಲು ಹಿಂದಿನ ಕಿವಿಗೆ ಮೇಲಿನಿಂದ ಕೆಳಕ್ಕೆ ಏಟು. ಹೆಚ್ಚಿನ ನಟ್ಟುಗಳ ಮೇಲೆ ಬಿಚ್ಚುವ ದಿಕ್ಕಿನ ಬಾಣವೂ ‘ಅನ್‌ಡೂ’ ಎಂಬ ಪದವೂ ಅಚ್ಚೊತ್ತಿರುತ್ತವೆ. ಪಾಲಿಶ್ ಹೊಡೆದು ಹೊಡೆದು ಸವೆದಿದ್ದರೆ ಟಾರ್ಚ್ ಬಿಟ್ಟು ನೋಡಿ. ಬೇರೆ ದೇಶದ ಕೆಲವು ಕಾರುಗಳಲ್ಲಿ ಇಳಿಜಾರು ಅಂಚಿನ ರೀತಿಯೂ ಥ್ರೆಡ್ಡಿನ ದಿಕ್ಕೂ ಬೇರೆ ಇರುತ್ತವೆ. ಅಲ್ಲಿ ಈ ಸೂತ್ರಕ್ಕಿಂತ ಬಾಣದ ಮಾತೇ ಕೊನೆ.

ಹಿಂದಿನ ಯಾರೋ ಹಬ್ಬುಗಳನ್ನೇ ಎಡ-ಬಲ ಅದಲುಬದಲು ಮಾಡಿ ಜೋಡಿಸಿದ್ದರೆ? ಬೇರಿಂಗ್ ಕೆಲಸಕ್ಕೆ ಬಿಚ್ಚಿದವರು ಹಾಗೆ ಮಾಡಿಬಿಡುವುದು ಅಸಾಧ್ಯವೇನಲ್ಲ. ನೋಡಲು ಹಬ್ಬುಗಳು ಒಂದೇ ಥರ. ಆಗ ಚಕ್ರ ಓಡುತ್ತ ಓಡುತ್ತ ನಟ್ಟನ್ನು ತಾನೇ ಬಿಚ್ಚಿಕೊಳ್ಳುತ್ತದೆ. ಹೊಸದಾಗಿ ಮನೆಗೆ ಬಂದ ಕಾರಿನಲ್ಲಿ ಮೊದಲು ಮಾಡಬೇಕಾದ ಪರೀಕ್ಷೆ ಇದೇ. ಎಡಗಡೆಯ ಎರಡೂ ನಟ್ಟುಗಳು ಸಾಮಾನ್ಯ ಬೋಲ್ಟಿನಂತೆ ಗಡಿಯಾರದ ದಿಕ್ಕಿಗೆ ಬಿಗಿಯಾಗಬೇಕು, ಬಲಗಡೆಯವು ವಿರುದ್ಧ ದಿಕ್ಕಿಗೆ. ಒಂದು ತಪ್ಪಿದ್ದರೂ ಕಾರು ಗೇಟು ದಾಟಬಾರದು.

ಸುತ್ತಿಗೆ, ಹಲಗೆ, ಜಾಕಿ

ಕಬ್ಬಿಣದ ಸುತ್ತಿಗೆ ಈ ಕೆಲಸದ ಹತ್ತಿರ ಸುಳಿಯಬಾರದು. ನಟ್ಟಿನ ಕಿವಿಗಳು ಬಹುತೇಕ ಕಂಚು-ಹಿತ್ತಾಳೆಯ ಜಾತಿಯವು ಅಥವಾ ಮೆದು ಉಕ್ಕಿನವು, ಮೇಲೆ ಕ್ರೋಮ್. ಕಬ್ಬಿಣದ ಏಟಿಗೆ ಕ್ರೋಮ್ ಏಳುತ್ತದೆ, ಕಿವಿ ಬಾಗುತ್ತದೆ, ಬುಡದಲ್ಲಿ ಬಿರುಕು ಹುಟ್ಟುತ್ತದೆ. ಒಂದು ಮುಖಕ್ಕೆ ತಾಮ್ರ, ಇನ್ನೊಂದಕ್ಕೆ ಹಸಿ ಚರ್ಮ ಕೂರಿಸಿದ ಸುತ್ತಿಗೆ ಇದಕ್ಕೆಂದೇ ಇದೆ, ಎರಡು ಕೆ.ಜಿ. ಆಸುಪಾಸಿನದು ಸಾಕು. ಸೀಸದ ಸುತ್ತಿಗೆಯನ್ನೂ ಹಿಂದಿನವರು ಬಳಸುತ್ತಿದ್ದರು. ಹಳೆಯ ಬ್ಯಾಟರಿಯ ಸೀಸ ಕರಗಿಸಿ ಹಿತ್ತಲಲ್ಲಿ ಎರಕ ಹೊಯ್ಯುತ್ತೇನೆ ಎನ್ನುವವರಿದ್ದರೆ ದಯವಿಟ್ಟು ಬೇಡ, ಅದರ ಹೊಗೆ ವಿಷ.

ನನ್ನ ಮತ ಕೇಳಿದರೆ ಸುತ್ತಿಗೆಗಿಂತ ಮರದ ಪಾನವೇ ಮೇಲು. ಎರಡು ಇಂಚು ದಪ್ಪದ ಹಲಗೆಯಲ್ಲಿ ನಟ್ಟಿನ ಕಿವಿಗಳ ಆಕಾರಕ್ಕೆ ಸರಿಯಾಗಿ ತೂತು ಕೊರೆದು, ಎರಡೂವರೆ ಅಡಿ ಹಿಡಿ ಬಿಟ್ಟರೆ ಆಯಿತು. ಅದನ್ನು ನಟ್ಟಿನ ಮೇಲೆ ಕೂರಿಸಿ, ಏಟನ್ನು ಹಿಡಿಯ ತುದಿಗೆ ಕೊಡುವುದು. ನಟ್ಟಿಗೆ ಒಂದು ಗೀರೂ ಬೀಳುವುದಿಲ್ಲ. ವಿದೇಶದಲ್ಲಿ ಇಂಥದ್ದನ್ನು ದುಡ್ಡು ಕೊಟ್ಟು ತರಿಸುತ್ತಾರೆ; ನಮ್ಮಲ್ಲಿ ಮತ್ತಿಯೋ ಹೊನ್ನೆಯೋ ತುಂಡೊಂದು ಸಿಕ್ಕರೆ ಊರಿನ ಬಡಗಿ ಒಂದು ಮಧ್ಯಾಹ್ನದಲ್ಲಿ ಮಾಡಿಕೊಡುತ್ತಾನೆ. ರಟ್ಟಿನ ಮೇಲೆ ನಟ್ಟಿನ ಆಕಾರ ಕತ್ತರಿಸಿ ಅವನ ಕೈಗೆ ಕೊಡಿ. ಸಾಗುವಾನಿ ಚೆಂದ, ಆದರೆ ಏಟಿಗೆ ಸೀಳುವ ಭಯ ಹೆಚ್ಚು.

ಕಾರು ಸಮತಟ್ಟಾದ ಗಟ್ಟಿ ನೆಲದ ಮೇಲಿರಲಿ. ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಗಳನ್ನಷ್ಟೇ ಹಿಡಿಯುತ್ತದೆ. ಮುಂದಿನ ನಟ್ಟು ಬಿಚ್ಚುವಾಗ ಒಬ್ಬರು ಒಳಗೆ ಕೂತು ಬ್ರೇಕ್ ತುಳಿದಿರಬೇಕು. ಜಾಕಿಯನ್ನು ಟೈರು ನೆಲಕ್ಕೆ ತುಸುವೇ ತಾಗುವಷ್ಟು ಎತ್ತಿ ಮೊದಲ ಏಟು ಕೊಡಿ. ಪೂರ್ತಿ ಭಾರ ಬಿಟ್ಟುಕೊಂಡು ನಟ್ಟು ಸಡಿಲಿಸಿದರೆ ಚಕ್ರ ಹಬ್ಬಿನ ಹಲ್ಲುಗಳ ಮೇಲೆ ವಾಲಿ ಕಚ್ಚುತ್ತದೆ. ನಟ್ಟು ಅಲುಗಿದ ಮೇಲೆ ಪೂರ್ತಿ ಎತ್ತಿ, ಸ್ಟ್ಯಾಂಡ್ ಕೊಡಿ. ಶೆಡ್ಡಿನ ಮೂಲೆಯ ಸೈಜುಗಲ್ಲು ಸ್ಟ್ಯಾಂಡ್ ಅಲ್ಲ, ಸಿಮೆಂಟ್ ಇಟ್ಟಿಗೆಯಂತೂ ಅಲ್ಲವೇ ಅಲ್ಲ.

ನಟ್ಟು ಬಂದ ಮೇಲೂ ಚಕ್ರ ಬಾರದಿರುವುದು ಮಲೆನಾಡಿನಲ್ಲಿ ಮಾಮೂಲು. ಹಬ್ಬಿನ ಹೊರಮೈಯಲ್ಲೂ ಚಕ್ರದ ಒಳಮೈಯಲ್ಲೂ ಹಲ್ಲಿನಂಥ ಉದ್ದ ಗೀರುಗಳಿವೆ, ಅವೇ ಸ್ಪ್ಲೈನು. ನಾಲ್ಕಾರು ಮಳೆಗಾಲ ಮುಟ್ಟದೆ ನಿಂತ ಕಾರಿನಲ್ಲಿ ಇವೆರಡೂ ತುಕ್ಕಿನಿಂದ ಬೆಸೆದುಕೊಂಡಿರುತ್ತವೆ. ರಿಮ್ಮಿಗೆ ಹಿಂದಿನಿಂದ ಬಡಿಯಬೇಡಿ, ಕಡ್ಡಿ ಹೋಗುತ್ತದೆ. ಗ್ಯಾಸ್ ಬೆಂಕಿಯೂ ಬೇಡ; ಬೇರಿಂಗಿನ ಗ್ರೀಸು, ಸೀಲು, ಕ್ರೋಮ್ ಮೂರೂ ಒಟ್ಟಿಗೆ ಹೋಗುತ್ತವೆ. ಒಳಹೊಕ್ಕುವ ಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡಿ. ಮಾರನೆಯ ದಿನ ನಟ್ಟನ್ನು ಮತ್ತೆ ಹಾಕಿ, ಎರಡು ಸುತ್ತು ಸಡಿಲವಾಗಿಯೇ ಉಳಿಸಿ, ಕಾರನ್ನು ನೆಲಕ್ಕಿಳಿಸಿ ಕೈಯಲ್ಲಿ ಒಂದೆರಡು ಅಡಿ ಹಿಂದೆಮುಂದೆ ತಳ್ಳಿ. ಬಹುತೇಕ ಚಕ್ರಗಳು ‘ಟಕ್’ ಎಂದು ಬಿಟ್ಟುಕೊಡುತ್ತವೆ. ನಟ್ಟು ಅಲ್ಲೇ ಇರುವುದರಿಂದ ಚಕ್ರ ಕಳಚಿ ಬೀಳುವುದಿಲ್ಲ. ಎಂಜಿನ್ ಚಾಲೂ ಮಾಡಿ ಈ ಪ್ರಯೋಗ ಮಾಡಬಾರದು.

ಕೆಂಪು ಪುಡಿ ಕಂಡರೆ

ಚಕ್ರ ಕೈಗೆ ಬಂದಾಗ ಹೆಚ್ಚಿನವರು ಟೈರ್ ನೋಡುತ್ತಾರೆ. ನೋಡಬೇಕಾದ್ದು ಅದರ ಹೊಟ್ಟೆಯೊಳಗೆ. ಸ್ಪ್ಲೈನಿನ ಹಲ್ಲುಗಳ ತಲೆ ಚಪ್ಪಟೆಯಾಗಿದ್ದರೆ ಆರೋಗ್ಯ. ಚಾಕುವಿನಂತೆ ಮೊನಚಾಗಿದ್ದರೆ, ಒಂದೇ ಕಡೆಗೆ ವಾಲಿದ್ದರೆ ಅವು ಸವೆದು ಮುಗಿದಿವೆ. ನಟ್ಟಿನ ಅಂಚಿನಿಂದ ಇಟ್ಟಿಗೆ ಬಣ್ಣದ ನುಣ್ಣನೆ ಪುಡಿ ಇಳಿದ ಗುರುತಿದ್ದರೆ, ಲೋಹದ ಮೇಲೆ ಲೋಹ ಉಜ್ಜುತ್ತಿದೆ ಎಂದರ್ಥ. ಸಾಗರ ರಸ್ತೆಯ ಕೆಂಪು ಧೂಳೆಂದು ಒರೆಸಿ ಸುಮ್ಮನಾಗಬೇಡಿ. ಧೂಳು ಚಕ್ರದ ಎಲ್ಲ ಕಡೆ ಕೂರುತ್ತದೆ, ಈ ಪುಡಿ ನಟ್ಟಿನಿಂದ ಕಡ್ಡಿಗಳತ್ತ ಗೆರೆಗೆರೆಯಾಗಿ ಹರಡುತ್ತದೆ. ಕಿವಿಗೂ ಸುಳಿವು ಸಿಗುತ್ತದೆ. ಮೊದಲ ಗೇರಿನಿಂದ ರಿವರ್ಸಿಗೆ ಹೋಗಿ ಕ್ಲಚ್ ಬಿಟ್ಟಾಗ, ಇಲ್ಲವೇ ಬ್ರೇಕ್ ತುಳಿದ ಕ್ಷಣದಲ್ಲಿ ಚಕ್ರದ ಕಡೆಯಿಂದ ‘ಕ್ಲಿಕ್’ ಎಂಬ ಸದ್ದು ಬಂದರೆ ಸ್ಪ್ಲೈನು ಆಡುತ್ತಿದೆ. ಚಕ್ರವನ್ನು ಎಂಜಿನ್ನಿಗೂ ಬ್ರೇಕಿಗೂ ಕಟ್ಟಿಹಾಕಿರುವುದು ಈ ಹಲ್ಲುಗಳಷ್ಟೇ. ಅವು ಪೂರ್ತಿ ಜಾರಿದ ದಿನ ಬ್ರೇಕ್ ಡ್ರಮ್ ನಿಂತರೂ ಚಕ್ರ ನಿಲ್ಲುವುದಿಲ್ಲ. ಆಗುಂಬೆ ಇಳಿಯುವಾಗ ಹಾಗಾದರೆ ಏನು ಗತಿ ಎಂದು ಬಿಡಿಸಿ ಹೇಳಬೇಕಿಲ್ಲ.

ಸವೆದ ಹಬ್ಬಿಗೆ ಹೊಸ ಚಕ್ರ, ಸವೆದ ಚಕ್ರಕ್ಕೆ ಹೊಸ ಹಬ್ ಹಾಕುವುದು ದುಡ್ಡು ಹಾಳು. ಹಳೆಯದು ಹೊಸದನ್ನು ಬೇಗ ತಿಂದುಹಾಕುತ್ತದೆ. ಬದಲಾಯಿಸುವುದಾದರೆ ಜೊತೆಯಲ್ಲೇ. ಅದೇ ಕಾರಣಕ್ಕೆ, ಅಂಬಾಸಡರಿನಂತೆ ಟೈರ್ ಸಮ ಸವೆಯಲೆಂದು ಚಕ್ರಗಳನ್ನು ಮೂಲೆಯಿಂದ ಮೂಲೆಗೆ ಸುತ್ತಿಸುವ ಅಭ್ಯಾಸವೂ ಇಲ್ಲಿ ಬೇಡ. ಯಾವ ಹಬ್ಬಿಗೆ ಯಾವ ಚಕ್ರ ಒಗ್ಗಿದೆಯೋ ಅದು ಅಲ್ಲೇ ಇರಲಿ. ಒಳಗೆ ಬಣ್ಣದಲ್ಲಿ ಗುರುತು ಬರೆದಿಡಿ.

ಸ್ಪ್ಲೈನಿನಷ್ಟೇ ಮುಖ್ಯವಾದದ್ದು ಟೇಪರು, ಎಂದರೆ ಇಳಿಜಾರಾದ ಮೈ. ಹಬ್ಬಿನ ಬುಡದಲ್ಲಿ ಒಂದು, ನಟ್ಟಿನ ಒಳಗೆ ಒಂದು. ಚಕ್ರ ಈ ಎರಡರ ನಡುವೆ ಸಿಕ್ಕಿ ನಡುಮಧ್ಯಕ್ಕೆ ಬರಬೇಕು, ಅಲುಗಾಡದೆ ನಿಲ್ಲಬೇಕು. ಇಲ್ಲೊಂದು ಹೊಸ ಕಾಲದ ತೊಂದರೆ ಇದೆ. ಚಕ್ರ ಹೊಳೆಯಲೆಂದು ಪೌಡರ್ ಕೋಟಿಂಗಿಗೋ ಕ್ರೋಮಿಗೋ ಕೊಡುವವರು ಹೆಚ್ಚಾಗಿದ್ದಾರೆ. ಕೊಡಿ, ಬೇಡವೆನ್ನುವುದಿಲ್ಲ. ಆದರೆ ಟೇಪರಿನ ಮೇಲೆ, ಸ್ಪ್ಲೈನಿನ ಒಳಗೆ ಬಣ್ಣದ ಪದರ ಕೂರದಂತೆ ಮುಚ್ಚಿ ಕೆಲಸ ಮಾಡಲು ಅಂಗಡಿಯವರಿಗೆ ಬರೆದೇ ಕೊಡಿ. ಬಣ್ಣದ ಮೇಲೆ ಬಿಗಿ ಮಾಡಿದ ನಟ್ಟು, ಬಣ್ಣ ಪುಡಿಯಾದೊಡನೆ ಸಡಿಲ.

ಮತ್ತೆ ಕೂರಿಸುವ ಮುಂಚೆ ಹಬ್ಬು, ಚಕ್ರ, ನಟ್ಟು ಮೂರನ್ನೂ ಡೀಸೆಲ್ಲಿನಲ್ಲಿ ಅದ್ದಿದ ಬ್ರಷ್ಷಿನಿಂದ ತೊಳೆದು ಒಣಬಟ್ಟೆಯಲ್ಲಿ ಒರೆಸಿ. ಹಳೆಯ ಗ್ರೀಸಿನೊಳಗೆ ಸೇರಿದ ಮರಳು ಉಪ್ಪುಕಾಗದದ ಕೆಲಸ ಮಾಡುತ್ತದೆ. ಸ್ಪ್ಲೈನು, ಥ್ರೆಡ್ಡು, ಟೇಪರು ಎಲ್ಲಕ್ಕೂ ಬೆರಳಿನಿಂದ ತೆಳುವಾಗಿ ಗ್ರೀಸ್ ಸವರಿ. ಒಳ್ಳೆಯ ಲಿಥಿಯಂ ಗ್ರೀಸ್ ಸಾಕು. ಮೆತ್ತುವ ಅಗತ್ಯವಿಲ್ಲ, ಹೆಚ್ಚಾದದ್ದು ತಿರುಗುವಾಗ ಸಿಡಿದು ಟೈರಿನ ಮೇಲೆ, ಕೆಟ್ಟ ದಿನವಾದರೆ ಬ್ರೇಕ್ ಡಿಸ್ಕಿನ ಮೇಲೆ ಕೂರುತ್ತದೆ. ಚಕ್ರವನ್ನು ನೇರವಾಗಿ ಒಳಕ್ಕೆ ಸರಿಸಿ, ನಟ್ಟನ್ನು ಕೈಯಲ್ಲೇ ಪೂರ್ತಿ ತಿರುಗಿಸಿ ಕೂರಿಸಿ. ಕೈಯಲ್ಲಿ ಹೋಗದ ನಟ್ಟು ಅಡ್ಡ ಕಚ್ಚಿದೆ, ಬಿಚ್ಚಿ ಮತ್ತೆ ಹಾಕಿ. ಕೊನೆಯ ಬಿಗಿ ಮಾತ್ರ ಚಕ್ರ ನೆಲದಿಂದ ಮೇಲಿರುವಾಗಲೇ ಆಗಬೇಕು, ಬ್ರೇಕ್ ಹಿಡಿದು. ನೆಲದ ಮೇಲಿಟ್ಟು ಬಿಗಿ ಮಾಡಿದರೆ ಕಾರಿನ ಭಾರ ಚಕ್ರವನ್ನು ಟೇಪರಿನ ಒಂದು ಪಕ್ಕಕ್ಕೆ ಒತ್ತಿರುತ್ತದೆ. ಓಡಲು ಶುರುವಾದಾಗ ಅದು ಜಾಗಕ್ಕೆ ಬರುತ್ತದೆ, ನಟ್ಟು ಸಡಿಲಾಗುತ್ತದೆ. ಏಟು ಕೊಡುತ್ತ ಹೋದಂತೆ ಮಂದವಾದ ಸದ್ದು ಗಡುಸಾಗುತ್ತದೆ, ನಟ್ಟು ಮಿಸುಕುವುದು ನಿಲ್ಲುತ್ತದೆ. ಅಲ್ಲಿಗೆ ನಿಲ್ಲಿಸಿ. ಬಿಳಿ ಬಣ್ಣದಲ್ಲಿ ನಟ್ಟಿನಿಂದ ಚಕ್ರದ ಮೇಲೆ ಹಾಯುವಂತೆ ಒಂದು ಸಣ್ಣ ಗೆರೆ ಎಳೆದುಬಿಡಿ. ಗೆರೆ ತುಂಡಾಗಿ ಪಕ್ಕಕ್ಕೆ ಸರಿದರೆ ನಟ್ಟು ಅಲುಗಿದೆ.

ಹೊಸದಾಗಿ ಕೂರಿಸಿದ ಚಕ್ರವನ್ನು ಮೊದಲ ನಲವತ್ತು ಕಿಲೋಮೀಟರಿನೊಳಗೆ ಮತ್ತೊಮ್ಮೆ ಬಡಿದು ನೋಡಲೇಬೇಕು. ಶಿವಮೊಗ್ಗದವರಿಗೆ ಇದಕ್ಕೆ ಹೇಳಿ ಮಾಡಿಸಿದ ದಾರಿ ಇದೆ: ಬಿ.ಎಚ್. ರಸ್ತೆಯಲ್ಲಿ ಭದ್ರಾವತಿಗೆ ಹೋಗಿ ಬಂದರೆ ಸುಮಾರು ಅಷ್ಟೇ ಆಗುತ್ತದೆ. ಮಾಚೇನಹಳ್ಳಿಯ ಹತ್ತಿರ ಒಮ್ಮೆ ನಿಲ್ಲಿಸಿ ಗೆರೆ ನೋಡಿ, ಹಬ್ಬು ಮುಟ್ಟಿ ಬಿಸಿ ನೋಡಿ. ಮನೆಗೆ ಬಂದು ಜಾಕಿ ಕೊಟ್ಟು ಎರಡು ಏಟು.

ಭದ್ರಾವತಿಯಲ್ಲಿ ಏನು ಮಾಡಿಸಬಹುದು, ಏನು ಮಾಡಿಸಬಾರದು

ಬೆಂಕಿಪುರ ಎಂದಿದ್ದ ಊರಿನಲ್ಲಿ 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಕೆಲಸ ಶುರು ಮಾಡಿತು. ವಿಶ್ವೇಶ್ವರಯ್ಯನವರು ಅದರ ಆಡಳಿತ ಹೊತ್ತು ದಡ ಮುಟ್ಟಿಸಿದರು. ಕಾರ್ಖಾನೆಯ ಇಂದಿನ ಸ್ಥಿತಿ ಏನೇ ಇರಲಿ, ಅದರ ನೆರಳಿನಲ್ಲಿ ಕೆಲಸ ಕಲಿತ ಟರ್ನರ್, ಫಿಟ್ಟರ್‌ಗಳ ಊರು ಅದು. ಹಳೆಯ ಬ್ರಿಟಿಷ್ ಕಾರಿನ ಮಾಲೀಕನಿಗೆ ಇದು ಸಣ್ಣ ಭಾಗ್ಯವಲ್ಲ. ಈ ನಟ್ಟುಗಳ ಥ್ರೆಡ್ ಮಿಲಿಮೀಟರ್ ಲೆಕ್ಕದ್ದಲ್ಲ, ಇಂಚಿಗೆ 12 ಅಥವಾ 8 ಸುತ್ತಿನದು. ಎರಡೂ ಚಲಾವಣೆಯಲ್ಲಿದ್ದವು, ಒಂದಕ್ಕೊಂದು ಕೂರುವುದಿಲ್ಲ. ಹೊಸ ನಟ್ಟು ತರಿಸುವ ಮುಂಚೆ ಥ್ರೆಡ್ ಗೇಜ್ ಇಟ್ಟು ಎಣಿಸಿ. ಪೆಟ್ಟು ತಿಂದ ಹಬ್ಬಿನ ಥ್ರೆಡ್ಡನ್ನು ಇಂಚಿನ ಲೇತಿನಲ್ಲಿ ಮೆಲ್ಲಗೆ ಸರಿಪಡಿಸಿಕೊಳ್ಳಲು ಅನುಭವಸ್ಥ ಟರ್ನರ್ ಸಾಕು.

ಅವರ ಕೈಯಲ್ಲಿ ಮಾಡಿಸಿಕೊಳ್ಳಲೇಬೇಕಾದ ಇನ್ನೊಂದು ವಸ್ತು ಬ್ಯಾಲೆನ್ಸಿಂಗ್ ಕೋನು. ಟೈರ್ ಅಂಗಡಿಯ ಯಂತ್ರ ಚಕ್ರವನ್ನು ನಡುವಿನ ತೂತಿನಲ್ಲಿ ಹಿಡಿಯುತ್ತದೆ. ಕಡ್ಡಿ ಚಕ್ರಕ್ಕೆ ಅದು ಸಲ್ಲದು; ಅಂಗಡಿಯ ಕೋನು ಸ್ಪ್ಲೈನಿನ ಹಲ್ಲುಗಳ ಮೇಲೆ ಕೂತು ಅವನ್ನೂ ಕೆಡಿಸುತ್ತದೆ, ಲೆಕ್ಕವನ್ನೂ ತಪ್ಪಿಸುತ್ತದೆ. ಚಕ್ರದ ಎರಡೂ ಟೇಪರುಗಳಿಗೆ ಸರಿಯಾಗಿ ಕೂರುವ ಜೋಡಿ ಬಳೆಗಳನ್ನು, ನಡುವೆ ಯಂತ್ರದ ಶಾಫ್ಟಿನ ಅಳತೆಗೆ ತೂತು ಬಿಟ್ಟು ತಿರುಗಿಸಿಕೊಟ್ಟರೆ, ಯಾವ ಅಂಗಡಿಯಲ್ಲೂ ಬ್ಯಾಲೆನ್ಸ್ ಮಾಡಿಸಬಹುದು.

ಮಾಡಿಸಬಾರದ್ದು ನಟ್ಟು. ಮಾಚೇನಹಳ್ಳಿಯ ಫೌಂಡ್ರಿಗಳು ಹೊರದೇಶಕ್ಕೂ ಎರಕದ ಬಿಡಿಭಾಗ ಕಳಿಸುವಂಥವು, ನಿಜ. ಆದರೆ ಯಾವುದೋ ಸಣ್ಣ ಎರಕದ ಮನೆಯಲ್ಲಿ ಹಳೆಯ ನಟ್ಟನ್ನೇ ಅಚ್ಚಾಗಿಟ್ಟು ಬೀಡು ಕಬ್ಬಿಣದಲ್ಲಿ ಹೊಯ್ಯಿಸಿದ ನಕಲು ನೋಡಲು ಮಾತ್ರ ನಟ್ಟು. ಬೀಡು ಏಟು ತಡೆಯುವುದಿಲ್ಲ, ಈ ನಟ್ಟಿನ ಜೀವನವೇ ಏಟು. ನಟ್ಟನ್ನೂ ಹಬ್ಬನ್ನೂ ಇಂಗ್ಲೆಂಡಿನಲ್ಲಿ ಈಗಲೂ ಹೊಸದಾಗಿ ಮಾಡುತ್ತಾರೆ, ತರಿಸಿಕೊಳ್ಳಿ. ತರಿಸುವಾಗ ಕಿವಿಯಿಲ್ಲದ ಎಂಟು ಮೂಲೆಯ ನಟ್ಟೂ ಸಿಗುತ್ತದೆ. ಕಿವಿಗಳು ದಾರಿಹೋಕರಿಗೆ ತಗುಲುತ್ತವೆಂದು ಅಮೆರಿಕ 1968ರಿಂದ ಅವನ್ನು ಹೊಸ ಕಾರುಗಳಲ್ಲಿ ನಿಷೇಧಿಸಿದಾಗ ಹುಟ್ಟಿದ್ದು ಅದು. ಗಾಂಧಿ ಬಜಾರಿನ ಇಕ್ಕಟ್ಟಿನಲ್ಲಿ, ಸ್ಕೂಟರುಗಳ ನಡುವೆ ಕಾರು ನುಸುಳಿಸಿದವರಿಗೆ ಆ ಕಾನೂನಿನ ಅರ್ಥ ಬೇಗ ಆಗುತ್ತದೆ. ಚೆಂದಕ್ಕೆ ಕಿವಿ, ಓಡಾಟಕ್ಕೆ ಎಂಟು ಮೂಲೆ ಎಂದು ಎರಡು ಸೆಟ್ ಇಟ್ಟುಕೊಂಡರೂ ತಪ್ಪಿಲ್ಲ.

ಕಡ್ಡಿಗಳ ವಿಚಾರ ಚಿಕ್ಕದು. ಸಣ್ಣ ಪಾನದಿಂದ ಒಂದೊಂದನ್ನೂ ಮೆಲ್ಲಗೆ ತಟ್ಟಿ. ಎಲ್ಲ ಹೆಚ್ಚುಕಡಿಮೆ ಒಂದೇ ಸ್ವರದಲ್ಲಿ ‘ಟಿಣ್’ ಎನ್ನಬೇಕು. ‘ಟಪ್’ ಎಂದದ್ದು ಸಡಿಲ. ಒಂದೆರಡಿದ್ದರೆ ಬಿಗಿ ಮಾಡಿಸಬಹುದು, ಗುಂಪಾಗಿ ಸಡಿಲವಾಗಿದ್ದರೆ ಚಕ್ರವನ್ನು ಪೂರ್ತಿ ಬಿಚ್ಚಿ ಕಟ್ಟಿಸಬೇಕು. ಚಕ್ರ ತಿರುಗಿಸಿ ನೋಡಿದಾಗ ರಿಮ್ಮಿನ ಓಲಾಟ ಒಂದೂವರೆ ಮಿಲಿಮೀಟರ್ ಮೀರಬಾರದು. ಇವಕ್ಕೆ ಟ್ಯೂಬ್ ಬೇಕೇ ಬೇಕು, ಕಡ್ಡಿಯ ತೂತುಗಳಿಂದ ಗಾಳಿ ಹೋಗುತ್ತದೆ. ಟ್ಯೂಬಿನ ಕೆಳಗೆ ರಿಮ್ ಪಟ್ಟಿ ಹಾಕಿದ್ದಾರೋ ಇಲ್ಲವೋ ಎಂದು ಪಂಕ್ಚರ್ ಅಂಗಡಿಯಲ್ಲಿ ನಿಂತು ನೋಡಿ. ವಾಟರ್ ಸರ್ವಿಸಿನ ಜೋರು ನೀರನ್ನು ಹಬ್ಬಿಗೆ ಹೊಡೆಸಬೇಡಿ. ಬಕೆಟ್ಟು, ಮೆದು ಬ್ರಷ್ಷು, ತಾಳ್ಮೆ ಇದ್ದರೆ ಸಾಕು.

ಎಷ್ಟು ಸಲ ಬಿಚ್ಚಬೇಕು? ಒಣ ಊರಿನವರು ವರ್ಷಕ್ಕೊಮ್ಮೆ ಎಂದಾರು. ತುಂಗೆ-ಭದ್ರೆಯರ ನಡುವಿನ ನಾವು ವರ್ಷಕ್ಕೆರಡು ಸಲ ಬಿಚ್ಚುವುದು ಕ್ಷೇಮ: ಮುಂಗಾರಿಗೆ ಮುಂಚೆ, ಮೇ ತಿಂಗಳಲ್ಲಿ ಒಮ್ಮೆ, ಮಳೆ ಹಿಂದೆ ಸರಿದ ಮೇಲೆ, ದೀಪಾವಳಿಯ ಸುಮಾರಿಗೆ ಇನ್ನೊಮ್ಮೆ. ಕಾರು ಓಡದೆ ನಿಂತಿದ್ದರೂ ಇದು ತಪ್ಪಬಾರದು. ನಿಂತ ಕಾರಿಗೇ ತುಕ್ಕಿನ ಕಾಟ ಹೆಚ್ಚು. ಸ್ಟೆಪ್ನಿಯ ಸ್ಪ್ಲೈನಿಗೂ ಗ್ರೀಸ್ ಸವರಿ.

ಐವತ್ತು ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ಕಾರಾದರೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸಬಹುದು. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ನವೀಕರಣಕ್ಕೆ 5,000. ಆ ನೋಂದಣಿಯ ಕಾರನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ರಿಪೇರಿ ಇವಕ್ಕೆ ರಸ್ತೆಗೆ ತರಬಹುದು. ಭದ್ರಾವತಿಯ ಟರ್ನರ್ ಹತ್ತಿರ ಹೋಗಿಬರಲು ಅಡ್ಡಿಯಿಲ್ಲ.

ಇನ್ನೂ ಕೊಂಡಿಲ್ಲ, ಕೊಳ್ಳುವ ಯೋಚನೆಯಲ್ಲಿದ್ದೀರಿ ಎಂದಾದರೆ ಒಂದೇ ಮಾತು. ಬಣ್ಣ, ಸೀಟು, ಎಂಜಿನ್ ಸದ್ದು ಎಲ್ಲ ನೋಡಿಯಾದ ಮೇಲೆ ನಿಮ್ಮ ಮುಂದೆಯೇ ನಾಲ್ಕೂ ಚಕ್ರ ಬಿಚ್ಚಿಸಿ, ಸ್ಪ್ಲೈನಿಗೆ ಬೆರಳಾಡಿಸಿ. ಮಾರುವವರು ಒಪ್ಪದಿದ್ದರೆ ಮುಂಗಡ ಕೊಡದೆ ಊರಿಗೆ ಬನ್ನಿ.